ನಾಡಿ ಸಾಲದು, ಮಾತೂ ಬೇಕು

ಚೀನದೇಶದ ಪಾರಂಪರಿಕ ವೈದ್ಯರ ಬಳಿಗೆ ಹೋಗುವ ವಯೋವೃದ್ಧರಲ್ಲಿ ಬಹುಕಾಲದಿಂದ ನಡೆದುಬಂದ ಒಂದು ಪದ್ಧತಿಯುಂಟು. ರೋಗಿಯು ಮೇಜಿನ ಮುಂದೆ ಕುಳಿತು, ಅಲ್ಲಿರುವ ಪುಟ್ಟ ದಿಂಬಿನ ಮೇಲೆ ಮಣಿಕಟ್ಟನ್ನಿರಿಸಿ, ತುಟಿ ಬಿಗಿದು ಸುಮ್ಮನಾಗುತ್ತಾನೆ. ತನಗೇನಾಗಿದೆಯೆಂಬುದನ್ನು ತಾನಾಗಿ ಹೇಳುವುದಿಲ್ಲ. ವೈದ್ಯನು ಮೂರು ಬೆರಳುಗಳಿಂದ ನಾಡಿಯನ್ನು ಒತ್ತಿ ನೋಡಿ ರೋಗವನ್ನು ತಾನೇ ಹೇಳಬೇಕು. ಹೇಳಿದ್ದು ಹೊಂದಿದರೆ ಅವನು ಪಂಡಿತ. ಹೊಂದದಿದ್ದರೆ ಎದ್ದು ಇನ್ನೊಬ್ಬನನ್ನು ಹುಡುಕುವುದು. ನಾಡೀಪರೀಕ್ಷೆಗೆ ಹೆಸರಾದ ಪಂಡಿತರ ಕಥೆಗಳನ್ನು ಕೇಳಿ ಬೆಳೆದ ನಮ್ಮ ಹಿರಿಯರಿಗೂ ಈ ನಡವಳಿಕೆ ತೀರ ಹೊಸದೆನಿಸದು. ಎಲ್ಲರೂ ಹೀಗೆ ಮಾಡುತ್ತಾರೆಂದಲ್ಲ. ಆದರೆ ಬಾಯಿ ಬಿಡದ ರೋಗಿಯ ಮುಂದೆ ವೈದ್ಯನ ವಿದ್ಯೆ ಒರೆಗೆ ಹತ್ತುವುದೆಂಬ ನಂಬಿಕೆ ಇಂದಿಗೂ ಅಳಿದಿಲ್ಲ. ಈ ಮೌನದಿಂದ ವೈದ್ಯನಿಗೆ ಗೌರವವೂ ಇಲ್ಲ, ರೋಗಿಗೆ ಕ್ಷೇಮವೂ ಇಲ್ಲವೆಂಬುದು ನಮ್ಮ ಅಭಿಪ್ರಾಯ.

ಭೌತಶಾಸ್ತ್ರವನ್ನು ಬೋಧಿಸುವವರಿಗೆ ಚೀನೀ ವೈದ್ಯದ ವಿಚಾರದಲ್ಲಿ ಮಾತನಾಡುವ ಅಧಿಕಾರ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಆ ವೈದ್ಯರು ಹೇಳುವ ‘ಚೀ’ ಎಂಬ ಪ್ರಾಣಶಕ್ತಿಯನ್ನು ಅಳೆಯುವ ಉಪಕರಣವು ನಮ್ಮ ಪ್ರಯೋಗಶಾಲೆಯಲ್ಲಿಲ್ಲ, ಬೇರೆಲ್ಲಿಯೂ ಇಲ್ಲ. ಅದರ ಜಿಜ್ಞಾಸೆಯನ್ನು ಇಲ್ಲಿ ಕೈಗೊಳ್ಳುವುದಿಲ್ಲ. ಆದರೆ ಇಬ್ಬರು ಮನುಷ್ಯರ ನಡುವೆ ಶಬ್ದವು ಗಾಳಿಯಲ್ಲಿ ಸಾಗಿ ಕಿವಿಯನ್ನು ಮುಟ್ಟುವ ಬಗೆ, ಒಂದು ತೂಕದ ಹೆಸರು ಹಲವು ತೂಕಗಳಿಗೆ ಸಲ್ಲುವ ಬಗೆ, ನೀರು ಎಷ್ಟು ಹೊತ್ತು ಕುದಿಯಬೇಕೆಂಬ ಲೆಕ್ಕ, ಇವು ನಮ್ಮ ಕಸುಬಿನೊಳಗಿನ ಸಂಗತಿಗಳೇ. ವೃದ್ಧ ರೋಗಿಯ ಪ್ರಾಣವು ಎಷ್ಟೋ ವೇಳೆ ಈ ಸಾಮಾನ್ಯ ಸಂಗತಿಗಳ ಮೇಲೆ ನಿಂತಿರುತ್ತದೆ. ೨೦೨೦ರ ಜನಗಣತಿಯಲ್ಲಿ ಚೀನದಲ್ಲಿ ಅರವತ್ತು ತುಂಬಿದವರು ಸುಮಾರು ೨೬ ಕೋಟಿ ೪೦ ಲಕ್ಷ, ಎಂದರೆ ನೂರಕ್ಕೆ ೧೮.೭ ಮಂದಿ, ಇದ್ದರು. ಅವರ ಪೈಕಿ ಒಂದು ಕೈಯಲ್ಲಿ ಆಸ್ಪತ್ರೆಯ ಮಾತ್ರೆಯನ್ನೂ ಇನ್ನೊಂದು ಕೈಯಲ್ಲಿ ಕಷಾಯದ ಬಟ್ಟಲನ್ನೂ ಹಿಡಿದವರು ಬಹಳ.

ಮೌನಪರೀಕ್ಷೆಯನ್ನು ಖಂಡಿಸಲು ನಾವು ಹೊರಗಿನ ಸಾಕ್ಷಿಯನ್ನು ಕರೆಯಬೇಕಾಗಿಲ್ಲ. ಹನ್ನೊಂದನೆಯ ಶತಮಾನದ ಮಹಾಕವಿ ಸು ಷಿ (೧೦೩೭–೧೧೦೧) ಈ ವಿಚಾರವಾಗಿ ಬರೆದಿದ್ದಾನೆ. ದೊಡ್ಡ ಮನುಷ್ಯರು ರೋಗವನ್ನು ಮರೆಮಾಚಿ ನಾಡಿಯೊಂದರಿಂದಲೇ ವೈದ್ಯನನ್ನು ಪರೀಕ್ಷಿಸುವುದು ಅವನ ಕಾಲದಲ್ಲಿಯೂ ಇದ್ದಿತು. ಅವನಾದರೋ ವೈದ್ಯನ ಯೋಗ್ಯತೆಯನ್ನು ತಾನು ಆರೋಗ್ಯವಾಗಿರುವಾಗಲೇ ಸದ್ದಿಲ್ಲದೆ ಅಳೆದಿಟ್ಟುಕೊಳ್ಳುತ್ತಿದ್ದನಂತೆ. ರೋಗ ಬಂದಾಗ ಮೊದಲು ತನ್ನ ತೊಂದರೆಯನ್ನೆಲ್ಲ ಬಿಚ್ಚಿ ಹೇಳಿ, ಆಮೇಲೆ ಕೈ ನೀಡುತ್ತಿದ್ದನು. ತನಗೆ ಬೇಕಾದದ್ದು ಗುಣವಾಗುವುದು, ವೈದ್ಯನನ್ನು ಪೇಚಿಗೆ ಸಿಲುಕಿಸುವುದಲ್ಲವೆಂದು ಅವನ ವಾದ. ಔಷಧಿಗಳ ಮಹಾಕೋಶವನ್ನು ರಚಿಸಿದ ಲಿ ಷಿಝೆನ್ ೧೫೬೪ರಲ್ಲಿ ನಾಡಿಯನ್ನೇ ಕುರಿತು ಒಂದು ಗ್ರಂಥವನ್ನು ಬರೆದು ೨೭ ಬಗೆಯ ನಾಡಿಗಳನ್ನು ವರ್ಣಿಸಿದನು. ಅಂಥವನೇ ಆ ಗ್ರಂಥದ ಮೊದಲಲ್ಲಿ, ವೈದ್ಯರೂ ರೋಗಿಗಳೂ ನಾಡಿಯನ್ನೇ ಮುಖ್ಯವೆಂದು ಭಾವಿಸುತ್ತಾರೆ, ಆದರೆ ಅದು ನಾಲ್ಕು ಪರೀಕ್ಷೆಗಳಲ್ಲಿ ಕೊನೆಯದು ಎಂದು ಎಚ್ಚರಿಸುತ್ತಾನೆ.

ಆ ನಾಲ್ಕು ಪರೀಕ್ಷೆಗಳು ವಾಂಗ್, ವೆನ್, ವೆನ್, ಚಿಯೆ. ಮೊದಲನೆಯದು ನೋಡುವುದು, ಕೊನೆಯದು ಮುಟ್ಟುವುದು. ನಡುವಣ ಎರಡು ಶಬ್ದಗಳು ನಮ್ಮ ಕಿವಿಗೆ ಒಂದೇ ಆಗಿ ಕೇಳಿದರೂ, ಸ್ವರವು ಏರಿದರೆ ಒಂದು, ಇಳಿದರೆ ಇನ್ನೊಂದು. ಏರುವ ವೆನ್ ಎಂದರೆ ರೋಗಿಯ ಧ್ವನಿ, ಕೆಮ್ಮು, ಉಸಿರುಗಳನ್ನು ಆಲಿಸುವುದು ಮತ್ತು ವಾಸನೆಯನ್ನು ಗ್ರಹಿಸುವುದು. ಇಳಿಯುವ ವೆನ್ ಎಂದರೆ ಪ್ರಶ್ನಿಸುವುದು. ಕನ್ನಡದಲ್ಲಿಯಾದರೆ ಈ ಎರಡಕ್ಕೂ ‘ಕೇಳು’ ಎಂಬ ಒಂದೇ ಧಾತು ಸಾಕು. ಕೇಳಿದವನು ಕೇಳಿಸಿಕೊಳ್ಳಲೂ ಬೇಕೆಂಬ ಅರ್ಥ ನಮ್ಮ ಮಾತಿನಲ್ಲಿಯೇ ಅಡಗಿದೆ. ದರ್ಶನ, ಸ್ಪರ್ಶನ, ಪ್ರಶ್ನವೆಂದು ನಮ್ಮ ಆಯುರ್ವೇದವೂ ಮೂರು ಬಗೆಯ ಪರೀಕ್ಷೆಗಳನ್ನು ಹೇಳುತ್ತದೆ. ಎರಡು ಶಾಸ್ತ್ರಗಳಲ್ಲಿಯೂ ಪ್ರಶ್ನೆಗೆ ಸ್ಥಾನವಿದ್ದು, ಎರಡು ಕಡೆಯೂ ಜನರ ಕಣ್ಣು ಮಾತ್ರ ಮಣಿಕಟ್ಟಿನ ಮೇಲೆಯೇ ಇರುವುದು ವಿಚಿತ್ರವಲ್ಲವೆ?

ವೃದ್ಧರ ವಿಷಯದಲ್ಲಿ ನಾಡಿಯು ಇನ್ನಷ್ಟು ಮೋಸದ ಸಾಕ್ಷಿ. ಹೃದಯವು ಮಿಡಿದಾಗ ಏಳುವ ಒತ್ತಡದ ಅಲೆ ರಕ್ತನಾಳಗಳ ಗೋಡೆಯ ಗುಂಟ ಓಡುತ್ತದೆ. ಗೋಡೆ ಮೆತ್ತಗಿದ್ದಷ್ಟೂ ಅಲೆಯ ವೇಗ ಕಡಮೆ, ಬಿರುಸಾದಷ್ಟೂ ವೇಗ ಹೆಚ್ಚು. ಯುವಕನ ಮಹಾಧಮನಿಯಲ್ಲಿ ಅದು ಸೆಕೆಂಡಿಗೆ ಐದಾರು ಮೀಟರು ಹೋದರೆ, ಮುದುಕನಲ್ಲಿ ಹತ್ತು ಮೀಟರಿಗೂ ಮೇಲೆ. ಕೆಳಗಿನ ಕವಲುಗಳಿಂದ ಪ್ರತಿಫಲಿಸಿದ ಅಲೆಯು ಬೇಗನೆ ಹಿಂದಿರುಗಿ ಮುಂದಿನ ಅಲೆಯ ಮೇಲೆ ಏರಿ ಕೂಡುತ್ತದೆ. ಆದ್ದರಿಂದ ಬೆರಳಿಗೆ ನಾಡಿಯು ಬಿಗಿದ ತಂತಿಯಂತೆ ತೋರುವುದು. ಚೀನೀ ಗ್ರಂಥಗಳಲ್ಲಿ ‘ಷಿಯೆನ್’, ಎಂದರೆ ತಂತಿನಾಡಿ, ಎಂಬ ಹೆಸರೇ ಉಂಟು. ಅದನ್ನು ಯಕೃತ್ತಿನ ವಿಕಾರಕ್ಕೂ ನೋವಿಗೂ ಗುರುತೆಂದು ಹೇಳುತ್ತಾರೆ. ಮುದುಕನಲ್ಲಾದರೆ ಅದು ಹೇಳುವುದು ಬಹುಮಟ್ಟಿಗೆ ಅವನ ವಯಸ್ಸನ್ನು. ಅದನ್ನು ಅವನ ನೆರೆತ ಕೂದಲೇ ಹೇಳುತ್ತಿತ್ತು. ಇದರ ಮೇಲೆ, ಒಬ್ಬನದೇ ನಾಡಿಯನ್ನು ಹಲವು ವೈದ್ಯರು ಬೇರೆಬೇರೆಯಾಗಿ ನೋಡಿದಾಗ ಅವರ ತೀರ್ಮಾನಗಳು ಒಂದಕ್ಕೊಂದು ಸರಿಯಾಗಿ ಹೊಂದದಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಆದರೂ ಆ ಮೂರು ಬೆರಳುಗಳು ವ್ಯರ್ಥವೆಂದು ನಾವು ಹೇಳಲಾರೆವು. ತಾಳ ತಪ್ಪಿ ನಡೆಯುವ ನಾಡಿಗಳಿಗೆ ಆ ಶಾಸ್ತ್ರದಲ್ಲಿ ಪ್ರತ್ಯೇಕ ಹೆಸರುಗಳಿವೆ. ವೃದ್ಧಾಪ್ಯದಲ್ಲಿ ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿಯಾಗಿ ಅದುರತೊಡಗಿದಾಗ ನಾಡಿಯ ತಾಳ ಕೆಡುತ್ತದೆ. ಅಲ್ಲಿ ರಕ್ತವು ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುವುದು. ಇದನ್ನು ಬೆರಳು ಕಂಡುಹಿಡಿಯಬಲ್ಲದು. ಆ ಗಳಿಗೆಯಲ್ಲಿ ವೈದ್ಯನು ಆಡುವ ಮಾತಿನ ಮೇಲೆ ಎಲ್ಲವೂ ನಿಂತಿದೆ. ಆ ನಾಡಿಯ ಹಳೆಯ ಹೆಸರನ್ನು ಹೇಳಿ ಕಷಾಯವನ್ನು ಬರೆದುಕೊಟ್ಟರೆ ರೋಗಿಯು ತೃಪ್ತನಾಗಿ ಮನೆಗೆ ಹೋಗುತ್ತಾನೆ. “ಅಜ್ಜ, ಇದು ನನ್ನಿಂದ ಆಗತಕ್ಕದ್ದಲ್ಲ, ನಾಳೆಯೇ ಆಸ್ಪತ್ರೆಗೆ ಹೋಗಿ ಹೃದಯದ ವಿದ್ಯುಲ್ಲೇಖವನ್ನು ತೆಗೆಯಿಸಿಕೊಳ್ಳಿ” ಎಂದರೆ ಅವನ ಆಯುಸ್ಸು ಉಳಿದೀತು. ಹೀಗೆ ಹೇಳುವುದರಿಂದ ತನ್ನ ಕೀರ್ತಿಗೆ ಕುಂದೆಂದು ಭಾವಿಸುವ ವೈದ್ಯನಿಂದ ದೂರವಿರುವುದೇ ಲೇಸು.

ಇನ್ನು ಪ್ರಶ್ನೆಗಳ ವಿಚಾರ. ಮಿಂಗ್ ರಾಜರ ಕಾಲದ ಝಾಂಗ್ ಜಿಯೆಬಿನ್ (೧೫೬೩–೧೬೪೦) ಎಂಬ ವೈದ್ಯನು ರೋಗಿಯನ್ನು ಕೇಳಬೇಕಾದ ಹತ್ತು ಸಂಗತಿಗಳನ್ನು ಪದ್ಯವಾಗಿ ಕಟ್ಟಿಟ್ಟನು. ಮುಂದೆ ಅದನ್ನು ಇತರರು ತಿದ್ದಿದರು. ಇಂದಿಗೂ ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ. ಚಳಿಜ್ವರಗಳಿಂದ ಪ್ರಾರಂಭವಾಗಿ ಬೆವರು, ತಲೆ, ಮೈ, ಮಲಮೂತ್ರ, ಆಹಾರ, ಎದೆ ಎಂದು ಸಾಗುವ ಆ ಸರಣಿಯಲ್ಲಿ ಏಳನೆಯದು ಕಿವುಡು. ಕಿವಿಯು ‘ಷೆನ್’ ಎಂಬ ಅಂಗಕ್ಕೆ ಸೇರಿದ್ದೆಂದು ಆ ಶಾಸ್ತ್ರದ ಮತವಾದ್ದರಿಂದ ಅಲ್ಲಿ ಕಿವುಡು ರೋಗದ ಒಂದು ಲಕ್ಷಣ. ಆದರೆ ಕಿವುಡಿರುವ ಮುದುಕನು ಮೊದಲಿನ ಆರು ಪ್ರಶ್ನೆಗಳಿಗೆ ಏನು ಕೇಳಿಸಿಕೊಂಡು ಏನು ಉತ್ತರ ಕೊಟ್ಟನು? ಏಳನೆಯ ಪ್ರಶ್ನೆಯನ್ನು ಮೊದಲನೆಯದಾಗಿ ಕೇಳಬೇಕೆಂದು ನಮಗೆ ತೋರುತ್ತದೆ.

ವಯಸ್ಸಿನ ಕಿವುಡು ಎಲ್ಲ ಶಬ್ದಗಳನ್ನೂ ಸಮನಾಗಿ ತಗ್ಗಿಸುವುದಿಲ್ಲವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಒಳಗಿವಿಯಲ್ಲಿರುವ ಶಂಖಾಕಾರದ ಕೊಳವೆಯ ಬುಡದ ರೋಮಕೋಶಗಳು ಮೊದಲು ಸಾಯುತ್ತವೆ. ಅವು ಹೆಚ್ಚು ಕಂಪನಸಂಖ್ಯೆಯ ಶಬ್ದಗಳನ್ನು ಗ್ರಹಿಸತಕ್ಕವು. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿ ಇರುವುದರಿಂದ ಅವು ಉಳಿಯುತ್ತವೆ. ಸಕಾರ, ಷಕಾರಗಳಂಥ ವ್ಯಂಜನಗಳ ಸದ್ದು ಸೆಕೆಂಡಿಗೆ ಹಲವು ಸಾವಿರ ಕಂಪನಗಳ ಪ್ರದೇಶದಲ್ಲಿದ್ದು ಅವು ಅಳಿಸಿಹೋಗುತ್ತವೆ. “ಮಾತಾಡುವುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ” ಎಂದು ಮುದುಕರು ಹೇಳುವುದರ ಅರ್ಥವಿದು. ಚೀನೀ ಭಾಷೆಯಲ್ಲಿ ಶಬ್ದದ ಏರಿಳಿತವು ಅರ್ಥವನ್ನು ನಿರ್ಣಯಿಸುತ್ತದೆ. ಆ ಏರಿಳಿತವು ಸೆಕೆಂಡಿಗೆ ನೂರರಿಂದ ಮುನ್ನೂರರ ಆಸುಪಾಸಿನ ಕಂಪನಗಳಲ್ಲಿ ನಡೆಯುವುದರಿಂದ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆಂಬುದು ಒಂದು ಭಾಗ್ಯ. ಆದರೆ ಆ ಭಾಷೆಯಲ್ಲಿ ‘ಸ’, ‘ಷ’, ‘ತ್ಸ’ಗಳಂಥ ಊದುವ ವ್ಯಂಜನಗಳ ಹಿಂಡೇ ಇದೆ. ಪೀಕಿಂಗಿನ ಮಾತಿನಲ್ಲಿ ನಾಲ್ಕು ಎಂಬುದಕ್ಕೆ ‘ಸಿ’ ಎಂದೂ ಹತ್ತು ಎಂಬುದಕ್ಕೆ ‘ಷಿ’ ಎಂದೂ ಹೆಸರು. ದಕ್ಷಿಣದ ಜನರ ಬಾಯಲ್ಲಿ ಷಕಾರವೂ ಸಕಾರವೇ ಆಗಿಬಿಡುವುದರಿಂದ, ಸ್ವರದ ಏರಿಳಿತವೊಂದೇ ಅವೆರಡನ್ನು ಬೇರ್ಪಡಿಸುತ್ತದೆ. ಔಷಧಿಯ ಪ್ರಮಾಣವನ್ನು ಹೇಳುವಾಗ ನಾಲ್ಕಕ್ಕೂ ಹತ್ತಕ್ಕೂ ಇರುವ ಅಂತರ ಸಣ್ಣದೆ?

ಗಟ್ಟಿಯಾಗಿ ಕೂಗಿದರೆ ಆಯಿತೆಂದು ಹಲವರ ಭಾವನೆ. ಕೂಗಿದಾಗ ಬೆಳೆಯುವುದು ಸ್ವರಾಕ್ಷರಗಳ ಸದ್ದೇ. ಕೇಳದಿದ್ದ ವ್ಯಂಜನಗಳು ಆ ಗದ್ದಲದಲ್ಲಿ ಇನ್ನೂ ಮುಳುಗುತ್ತವೆ. ಕೂಗಿದವನ ಮುಖ ಕೋಪದಿಂದಿರುವಂತೆ ಕಾಣುವುದು ಬೇರೆ. ತುಸು ನಿಧಾನವಾಗಿ, ಮುಖಕ್ಕೆ ಬೆಳಕು ಬೀಳುವಂತೆ ಎದುರು ಕುಳಿತು ಮಾತನಾಡಿದರೆ ತುಟಿಯ ಚಲನೆಯಿಂದಲೇ ಅರ್ಧ ಅರ್ಥವಾಗುತ್ತದೆ. ೨೦೨೦ರಿಂದ ಮುಂದೆ ಸೋಂಕುರೋಗದ ಭಯದಿಂದ ಬಾಯಿಗೆ ಬಟ್ಟೆ ಕಟ್ಟಿದಾಗ ತುಟಿಯೂ ಮರೆಯಾಯಿತು, ಮೇಲಿನ ಕಂಪನಗಳೂ ಬಟ್ಟೆಯಲ್ಲಿ ಹೀರಿಹೋದುವು. ಆ ವರ್ಷಗಳಲ್ಲಿ ಮುದುಕರು ಎಷ್ಟು ಮಾತುಗಳಿಗೆ ಸುಮ್ಮನೆ ತಲೆಯಾಡಿಸಿದರೋ ಬಲ್ಲವರಾರು?

ಕಿವಿ ನೆಟ್ಟಗಿದ್ದರೂ ಭಾಷೆ ಬೇರೆಯಾದರೆ ಫಲವಿಲ್ಲ. ಸಿಂಗಾಪುರದಲ್ಲಿ ೧೮೬೭ರಲ್ಲಿ ಸ್ಥಾಪಿತವಾದ ಥಾಂಗ್ ಚಾಯ್ ವೈದ್ಯಶಾಲೆಯು ಜಾತಿಮತಗಳನ್ನೆಣಿಸದೆ ಬಡವರಿಗೆ ಧರ್ಮಾರ್ಥವಾಗಿ ಔಷಧಿ ಕೊಟ್ಟುಕೊಂಡು ಬಂದಿದೆ. ಅಂಥ ಸಂಸ್ಥೆಗಳಿಗೆ ಬರುವ ಅಜ್ಜಿಯರ ಮನೆಮಾತು ಹೊಕ್ಕಿಯೆನ್, ತಿಯೊಚ್ಯೂ, ಕ್ಯಾಂಟನೀಸ್. ೧೯೭೯ರಲ್ಲಿ ಸರ್ಕಾರವು ಮ್ಯಾಂಡರಿನ್ ಮಾತನಾಡಿರೆಂಬ ಚಳವಳಿಯನ್ನು ಹೂಡಿದ ಮೇಲೆ ಬೆಳೆದ ತರುಣ ವೈದ್ಯರ ವಿದ್ಯೆಯೆಲ್ಲ ಮ್ಯಾಂಡರಿನ್ನಿನದು. ಮೊಮ್ಮಗನ ವಯಸ್ಸಿನ ವೈದ್ಯನೂ ಅಜ್ಜಿಯೂ ಒಂದೇ ಕುಲದವರು, ಒಂದೇ ಲಿಪಿಯವರು. ಆದರೆ ಹೊಟ್ಟೆನೋವಿನ ಬಗೆಗಳನ್ನು ಹೇಳಿಕೊಳ್ಳಲು ಅವಳಿಗಿರುವ ಶಬ್ದಗಳು ಅವನಿಗಿಲ್ಲ. ಹೊಸಬನು ‘ಷಾಂಗ್ ಹುವೊ’, ಬೆಂಕಿ ಮೇಲೇರಿದೆ, ಎನ್ನುತ್ತಾನೆ. ಕ್ಯಾಂಟನೀಸಿನವಳು ಅದನ್ನೇ ‘ಯಿತ್ ಹೇ’, ಬಿಸಿ ಗಾಳಿ, ಎನ್ನುತ್ತಾಳೆ. ಇಂಗ್ಲಿಷು ಕಲಿತ ಮಕ್ಕಳು ‘ಹೀಟಿ’ ಎಂದು ಹೊಸ ಶಬ್ದವನ್ನೇ ಟಂಕಿಸಿಕೊಂಡಿದ್ದಾರೆ. ನಾವಾದರೆ ಮೈಗೆ ಉಷ್ಣವಾಗಿದೆಯೆನ್ನುತ್ತೇವೆ. ಥರ್ಮಾಮೀಟರು ಇದಾವುದನ್ನೂ ತೋರಿಸುವುದಿಲ್ಲ.

ಹೀಗಿದ್ದರೂ ಪಾರಂಪರಿಕ ವೈದ್ಯನಿಗೆ ಒಂದು ದೊಡ್ಡ ಅನುಕೂಲವುಂಟೆಂಬುದನ್ನು ಒಪ್ಪಲೇಬೇಕು. ಉಷ್ಣ, ಶೀತ, ಗಾಳಿ, ತೇವ, ಪಥ್ಯ ಇವುಗಳು ಅವನ ಶಾಸ್ತ್ರದ ಮಾತುಗಳೂ ಹೌದು, ಅಜ್ಜಿಯ ಅಡಿಗೆಮನೆಯ ಮಾತುಗಳೂ ಹೌದು. ನಿದ್ರೆ ಹೇಗಿದೆ, ಬಾಯಾರಿಕೆಗೆ ಬಿಸಿನೀರು ಬೇಕೆನಿಸುತ್ತದೆಯೆ, ತಣ್ಣೀರೆ ಎಂದು ಅವನು ಕೇಳುತ್ತಾನೆ. ಜನಸಂದಣಿಯ ಆಸ್ಪತ್ರೆಯಲ್ಲಿ ಇಷ್ಟು ವಿಚಾರಿಸುವವರು ಯಾರು? ಮುದುಕರು ಅವನಲ್ಲಿಗೆ ಹೋಗುವುದಕ್ಕೆ ಔಷಧಿಗಿಂತ ಇದೇ ಹೆಚ್ಚಿನ ಕಾರಣವಿದ್ದೀತೆಂದು ನಮ್ಮ ಊಹೆ.

ಆದರೆ ಇಬ್ಬರೂ ಬಲ್ಲ ಮಾತೇ ಒಮ್ಮೊಮ್ಮೆ ಹೆಚ್ಚು ಅಪಾಯದ್ದು. ಈಗ ಹೇಳಿದ ‘ಷೆನ್’ ಶಬ್ದವನ್ನೇ ನೋಡಿ. ಆಸ್ಪತ್ರೆಯಲ್ಲಿ ಅದು ಮೂತ್ರಪಿಂಡ. ಪ್ರಾಚೀನ ಶಾಸ್ತ್ರದಲ್ಲಿ ಅದು ಎಲುಬು, ಮಜ್ಜೆ, ಕಿವಿ, ಸಂತಾನಶಕ್ತಿ, ಮುಪ್ಪು ಎಲ್ಲಕ್ಕೂ ಮೂಲ. ಹೆಂಗಸಿಗೆ ಏಳೇಳು ವರ್ಷಕ್ಕೊಮ್ಮೆ, ಗಂಡಸಿಗೆ ಎಂಟೆಂಟು ವರ್ಷಕ್ಕೊಮ್ಮೆ ಅದರ ಏರಿಳಿತವನ್ನು ಆ ಶಾಸ್ತ್ರದ ಆದಿಗ್ರಂಥವಾದ ನೇಯಿ ಜಿಂಗ್ ಗುಣಿಸಿ ಹೇಳುತ್ತದೆ: ಏಳೇಳಲ ನಲವತ್ತೊಂಬತ್ತಕ್ಕೆ ಮುಟ್ಟು ನಿಲ್ಲುವುದು, ಎಂಟೆಂಟಲ ಅರವತ್ತನಾಲ್ಕಕ್ಕೆ ಹಲ್ಲು ಕೂದಲು ಉದುರುವುದು. ಆದ್ದರಿಂದ ವೈದ್ಯನು ಯಾವ ಮುದುಕನಿಗಾದರೂ ‘ಷೆನ್’ ಕುಂದಿದೆಯೆನ್ನಬಹುದು. ಅದು ಬಹುಶಃ ಮುಪ್ಪು ಬಂದಿದೆಯೆಂದಷ್ಟೇ. ಆ ಮುದುಕನು ಹೆದರಿ, ತನ್ನ ಮೂತ್ರಪಿಂಡ ಕೆಟ್ಟಿದೆಯೆಂದು ಮಕ್ಕಳಿಗೆ ಹೇಳಿದರೆ ತಪ್ಪು ಯಾರದು? ಇದರ ವಿಪರೀತ ಇನ್ನೂ ಘೋರ. ನಿಜವಾಗಿ ಮೂತ್ರಪಿಂಡ ಕೆಟ್ಟವನು ಅದೇ ಹೆಸರಿನ ಬಲವರ್ಧಕವನ್ನು ಕೊಂಡು ಕುಡಿಯುವುದುಂಟು.

ಹೆಸರಿನ ಗೊಂದಲವು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಬ್ರಸೆಲ್ಸ್ ನಗರದ ಪ್ರಕರಣ ಸಾಕ್ಷಿ. ಅಲ್ಲಿ ಮೈ ಇಳಿಸುವ ಚಿಕಿತ್ಸೆಯಲ್ಲಿ ‘ಫಾಂಗ್‌ಜಿ’ ಎಂಬ ಬೇರನ್ನು ಸೇರಿಸಿದರು. ಅದೇ ಹೆಸರನ್ನು ಹಂಚಿಕೊಂಡ ಬೇರೊಂದು ಬೇರು, ನಮ್ಮ ಈಶ್ವರಿ ಬಳ್ಳಿಯ ಕುಲಕ್ಕೆ ಸೇರಿದ್ದು, ಅದರ ಸ್ಥಾನಕ್ಕೆ ಬಂದಿತು. ೧೯೯೩ರಲ್ಲಿ ವೈದ್ಯರು ಇದನ್ನು ಪ್ರಕಟಿಸಿದರು. ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡಗಳು ಹಾಳಾದುವು. ಅವರು ವೃದ್ಧೆಯರಲ್ಲ, ಆದರೆ ಈಗಾಗಲೇ ದುರ್ಬಲವಾದ ಮೂತ್ರಪಿಂಡಗಳಿಗೆ ಅಂಥ ಬೇರು ಏನು ಮಾಡೀತೆಂಬುದನ್ನು ವಾಚಕರೇ ಊಹಿಸಬಹುದು.

ವೃದ್ಧನು ಹೇಳದೆ ಬಿಡುವ ಮಾತುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅವನ ಜೇಬಿನಲ್ಲಿರುವ ಮಾತ್ರೆಗಳ ಸಂಗತಿ. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ನುಂಗುವವನಿಗೆ ‘ದಾನ್‌ಷೆನ್’ ಎಂಬ ಕೆಂಪು ಬೇರನ್ನು ಕೊಟ್ಟರೆ ಮಾತ್ರೆಯ ಬಲ ಮಿತಿಮೀರಿ ರಕ್ತಸ್ರಾವವಾಗಬಹುದು. ಅತಿಮಧುರವು ಚೀನೀ ಕಷಾಯಗಳಲ್ಲಿ ನಮ್ಮ ಒಗ್ಗರಣೆಗೆ ಸಾಸಿವೆಯಿರುವಂತೆ ಎಲ್ಲೆಲ್ಲಿಯೂ ಇರುತ್ತದೆ. ಅದನ್ನು ಬಹುದಿನ ಸೇವಿಸಿದರೆ ದೇಹದ ಪೊಟಾಸಿಯಂ ಸೋರಿ, ರಕ್ತದ ಒತ್ತಡವೇರುತ್ತದೆ. ಹೃದಯಕ್ಕೆ ಡಿಜಾಕ್ಸಿನ್ ತೆಗೆದುಕೊಳ್ಳುವವನಿಗೆ ಇದು ಪ್ರಾಣಾಂತಿಕವಾಗಬಹುದು. ‘ಮಾಹುವಾಂಗ್’ ಎಂಬ ಗಿಡದಿಂದ ಜಪಾನಿನ ನಾಗಾಯಿ ೧೮೮೫ರಲ್ಲಿ ಬೇರ್ಪಡಿಸಿದ ಎಫೆಡ್ರಿನ್ ಹೃದಯವನ್ನು ಓಡಿಸುವ ವಸ್ತು. ಇವುಗಳಿಗೆ ಗುಣವಿಲ್ಲವೆಂದು ಯಾರೂ ಹೇಳುವುದಿಲ್ಲ. ಗುಣವಿರುವುದರಿಂದಲೇ ಭಯ. ಗಿಡಮೂಲಿಕೆಯೆಂದರೆ ಆಹಾರದಂತೆ, ಕೇಡು ಮಾಡದೆಂದು ಮುದುಕನು ನಂಬಿ ಆಸ್ಪತ್ರೆಯಲ್ಲಿ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟರೆ ಬೈಗುಳ ಬಂದೀತೆಂಬ ಭಯವೂ ಉಂಟು. ಹಾಗೆ ಬೈಯುವ ಡಾಕ್ಟರು ತನ್ನನ್ನು ವೈಜ್ಞಾನಿಕನೆಂದು ಭಾವಿಸಿಕೊಂಡಿರಬಹುದು. ಆದರೆ ತನಗೆ ಬೇಕಾದ ಮಾಹಿತಿಯನ್ನು ತಾನೇ ಬಾಗಿಲ ಹೊರಗೆ ನಿಲ್ಲಿಸುವವನನ್ನು ಯಾವ ಪ್ರಯೋಗಶಾಲೆಯೂ ಸೇರಿಸದು. ಜೊತೆಗೆ ಬಂದ ಮಗನೋ ಸೊಸೆಯೋ ರೋಗಿಯ ಪರವಾಗಿ ಎಲ್ಲಕ್ಕೂ ಉತ್ತರ ಕೊಟ್ಟುಬಿಡುವುದು ಮತ್ತೊಂದು ತೊಡಕು. ಅವರಿಗೆ ತಿಳಿದಿರುವುದು ರೋಗ ಮನೆಯವರಿಗೆ ಕೊಡುವ ಕಾಟ, ರೋಗಿಗೆ ಆಗುವ ನೋವಲ್ಲ.

ಇಂಥ ವೈದ್ಯರ ಬಳಿಗೆ ಹೋಗಲೇಬೇಡಿರೆಂದು ಹೇಳುವುದು ಬಿಟ್ಟು, ಮಾತುಕತೆಯನ್ನು ತಿದ್ದುವ ಗೊಡವೆ ಏಕೆಂದು ಕೆಲವು ಮಿತ್ರರು ನಮ್ಮನ್ನು ಆಕ್ಷೇಪಿಸುತ್ತಾರೆ. ಹೋಗುವವರು ನಮ್ಮ ಅಪ್ಪಣೆಯನ್ನು ಕೇಳಿ ಹೋಗುತ್ತಿಲ್ಲ. ಹಾಂಗ್‌ಕಾಂಗ್ ೧೯೯೯ರಲ್ಲಿಯೂ ಸಿಂಗಾಪುರ ೨೦೦೦ದಲ್ಲಿಯೂ ಶಾಸನ ಮಾಡಿ ಈ ವೈದ್ಯರ ನೋಂದಣಿಗೆ ದಾರಿ ಮಾಡಿದುವು. ಚೀನದ ಶಾಸನ ೨೦೧೭ರ ಜುಲೈಯಲ್ಲಿ ಜಾರಿಗೆ ಬಂದಿತು. ಜಾಗತಿಕ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಆ ಶಾಸ್ತ್ರದ ಹೆಸರುಗಳಿಗೂ ೨೦೧೯ರಲ್ಲಿ ಒಂದು ಅಧ್ಯಾಯ ದೊರೆಯಿತು. ಕಾನೂನು ಇಷ್ಟು ಒಪ್ಪಿದ ಮೇಲೆ, ಏನನ್ನು ಕುಡಿದರು, ಏನಾಯಿತು ಎಂಬುದನ್ನು ಬರೆದಿಡುವುದಾದರೂ ಬೇಡವೆ? ಔಷಧಿಯ ಸತ್ಯಾಸತ್ಯವು ಹೊರಬೀಳುವುದು ಅಂಥ ದಾಖಲೆಯಿಂದಲೇ.

ಬರೆದಿಡುವ ಮಾತು ಬಂದಿತಾದ್ದರಿಂದ ತೂಕದ ಕಥೆಯನ್ನೂ ಹೇಳಬೇಕು. ಚೀನದ ಹಳೆಯ ‘ಜಿನ್’ ಎಂಬ ತೂಕಕ್ಕೆ ಹದಿನಾರು ‘ಲಿಯಾಂಗ್’. ೧೯೫೯ರಲ್ಲಿ ಸರ್ಕಾರವು ಅದನ್ನು ಹತ್ತಕ್ಕೆ ಇಳಿಸಿತು. ಐನೂರು ಗ್ರಾಮಿನ ಜಿನ್ನಿಗೆ ಹತ್ತು ಲಿಯಾಂಗ್ ಆದಾಗ ಒಂದೊಂದು ಐವತ್ತು ಗ್ರಾಮು. ಔಷಧಿಯ ಅಂಗಡಿಗೆ ಮಾತ್ರ ಹಳೆಯ ಲೆಕ್ಕವನ್ನೇ ಬಿಟ್ಟರು. ಅಲ್ಲಿ ಒಂದು ಲಿಯಾಂಗ್ ೩೧.೨೫ ಗ್ರಾಮು. ೧೯೭೯ರಿಂದ ಔಷಧಿಗೂ ಗ್ರಾಮೇ ಗತಿಯಾಯಿತು. ಹಾಂಗ್‌ಕಾಂಗಿನ ಲಿಯಾಂಗಾದರೋ ೩೭.೮ ಗ್ರಾಮಿಗೆ ಸಮೀಪದ್ದು. ಹಳೆಯ ಮಾತಿನ ಅಜ್ಜನು ನೆಂಟನ ಚೀಟಿಯನ್ನು ನೋಡಿ ಅಥವಾ ನೆನಪಿನಿಂದ ಒಂದು ಲಿಯಾಂಗ್ ಎಂದರೆ ಅದು ಮೂರರಲ್ಲಿ ಯಾವುದು?

ಕುದಿಸುವ ವಿಧಾನ ಇದಕ್ಕಿಂತ ತೊಡಕಿನದು. ‘ಫೂಝಿ’ ಎಂಬ ವತ್ಸನಾಭಿಯ ಜಾತಿಯ ಗಡ್ಡೆಯನ್ನು ಶುದ್ಧಿಮಾಡಿದ ಮೇಲೂ ಕಷಾಯಕ್ಕೆ ಹಾಕುವಾಗ ‘ಮೊದಲು ಕುದಿಸು’ ಎಂದು ಚೀಟಿಯಲ್ಲಿ ಪಕ್ಕದಲ್ಲಿ ಬರೆಯುತ್ತಾರೆ. ಅದರಲ್ಲಿರುವ ಅಕೊನಿಟೀನ್ ಎಂಬ ವಿಷವು ನೀರಿನಲ್ಲಿ ಬಹಳ ಹೊತ್ತು ಕುದಿದಾಗ ಒಡೆದು, ಅಷ್ಟು ಉಗ್ರವಲ್ಲದ ವಸ್ತುಗಳಾಗುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ, ಒಮ್ಮೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಪುದೀನದ ಜಾತಿಯ ಸೊಪ್ಪಿಗೆ ಇದರ ತಲೆಕೆಳಗು: ಅದರ ತೈಲವು ಆವಿಯಾಗಿ ಹೋಗುವುದರಿಂದ ಕೊನೆಗೆ ಹಾಕಬೇಕು. ಮುದುಕರು ಬಲ್ಲ ಅಳತೆಯೋ ‘ಮೂರು ಬಟ್ಟಲು ನೀರು ಒಂದು ಬಟ್ಟಲಿಗೆ ಇಳಿಯಲಿ’ ಎಂಬುದು. ಇದು ಗಾತ್ರದ ಅಳತೆ, ಕಾಲದ ಅಳತೆಯಲ್ಲ. ಅಗಲ ಬಾಯಿಯ ಪಾತ್ರೆಯನ್ನು ದೊಡ್ಡ ಉರಿಯ ಮೇಲಿಟ್ಟರೆ ನೀರು ಬೇಗನೆ ಇಂಗಿ ಒಂದು ಬಟ್ಟಲಾಗುತ್ತದೆ, ವಿಷವು ಒಡೆಯಲು ಬೇಕಾದ ಹೊತ್ತು ಇನ್ನೂ ಆಗಿರುವುದಿಲ್ಲ. ಗ್ಯಾಸಿನ ಒಲೆ ಬಂದ ಮೇಲೆ ಹಳೆಯ ಇದ್ದಲಿನ ಕಾಲದ ಈ ನಿಯಮದ ಅರ್ಥವೇ ಬದಲಾಯಿತು. ವೈದ್ಯನು ಗಡಿಯಾರವನ್ನು ತೋರಿಸಿ ನಿಮಿಷಗಳಲ್ಲಿ ಹೇಳಬೇಕು. ದಪ್ಪ ಅಕ್ಷರದಲ್ಲಿ ಬರೆದುಕೊಡಬೇಕು. ಬರೆದದ್ದನ್ನು ರೋಗಿಯ ಬಾಯಿಂದ ಒಮ್ಮೆ ಹೇಳಿಸಬೇಕು. ಹೀಗೆ ಹೇಳಿಸಿದರೆ ಮುದುಕರಿಗೆ ಅವಮಾನವೆಂದು ಕೆಲವರ ಹೆದರಿಕೆ. “ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ಅಜ್ಜಿ” ಎಂದರೆ ಪರೀಕ್ಷೆ ವೈದ್ಯನದಾಗುತ್ತದೆ.

ಈಚೆಗೆ ಔಷಧಿಯ ಅಂಗಡಿಗಳೇ ಕಷಾಯವನ್ನು ಕುದಿಸಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಕೊಡುತ್ತವೆ. ತೈವಾನಿನಲ್ಲಿ ಒಣಗಿಸಿದ ಸತ್ತ್ವದ ಪುಡಿಯೇ ಬಳಕೆಯಲ್ಲಿದೆ. ಒಲೆಯ ಬಳಿಯ ತಪ್ಪುಗಳು ಇದರಿಂದ ಕಡಮೆಯಾಗುವುದು ನಿಜ. ಆದರೆ ಹಿಂದೆ ಅಜ್ಜಿಯು ಪೊಟ್ಟಣ ಬಿಚ್ಚಿ ಬೇರುಗಳನ್ನು ಗುರುತಿಸಿ, ಇದೇಕೆ ಹಾಕಿದ್ದಾರೆಂದು ಕೇಳಬಲ್ಲವಳಾಗಿದ್ದಳು. ಈಗ ಅವಳ ಕೈಗೆ ಬರುವುದು ಕಂದುಬಣ್ಣದ ಒಂದು ಚೀಲ. ಅದರ ಮೇಲೆ ಒಳಗಿರುವ ಮೂಲಿಕೆಗಳ ಹೆಸರುಗಳನ್ನೂ ಗ್ರಾಮುಗಳನ್ನೂ ಅವಳ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಅಚ್ಚುಹಾಕಿಸಲಿ. ಮರುದಿನ ಅವಳು ಆಸ್ಪತ್ರೆಗೆ ಹೋಗುವಾಗ ಆ ಚೀಲವನ್ನೇ ಕೈಯಲ್ಲಿ ಹಿಡಿದು ಹೋಗಬಹುದು.